ದಿ ಲಾಂಗ್ ಸೀಸನ್: ಅಪ್ಪ ಮತ್ತು ನಾನು ಕೂತು ನೋಡಿದ ಭಾನುವಾರ

ಯಾರು ಏನು ಮಾಡಿರಬಹುದು ಅನ್ನೋದು ಅರ್ಧ ದಾರಿಯಲ್ಲೇ ಹೊಳೆದುಬಿಟ್ಟರೆ ಕ್ರೈಮ್ ಸೀರೀಸ್‌ನಲ್ಲಿ ಇನ್ನೇನು ಉಳಿಯುತ್ತೆ? 'ದಿ ಲಾಂಗ್ ಸೀಸನ್' ನೋಡುವಾಗ ನನಗೆ ಹಾಗೇ ಆಯ್ತು. ಆದರೂ ಉಳಿದ ಕಂತುಗಳನ್ನೆಲ್ಲ ಒಂದೇ ಭಾನುವಾರ ನೋಡಿ ಮುಗಿಸಿದೆ.

2023ರಲ್ಲಿ ಬಂದ 12 ಕಂತುಗಳ ಚೀನೀ ಸೀರೀಸ್ ಇದು. ನಿರ್ದೇಶಕ ಶಿನ್ ಶುವಾಂಗ್. ಚೀನಾದ ಈಶಾನ್ಯದಲ್ಲಿ ಹುವಾಲಿನ್ ಅನ್ನೋ ಕಾಲ್ಪನಿಕ ಊರು, ಊರಿಗೆಲ್ಲ ಅನ್ನ ಹಾಕುವ ಒಂದು ಉಕ್ಕಿನ ಕಾರ್ಖಾನೆ. ಅಲ್ಲಿನ ರೈಲು ಎಂಜಿನ್ ಡ್ರೈವರ್ ವಾಂಗ್ ಶಿಯಾಂಗ್, 1998ರ ಹೊತ್ತಿಗೆ ನಡೆದ ಒಂದು ಭೀಕರ ಕೊಲೆಯ ಸುಳಿಗೆ ಸಿಕ್ಕಿಕೊಳ್ಳುತ್ತಾನೆ. 2016ರಲ್ಲಿ ಅದೇ ಮನುಷ್ಯ, ಮಗನನ್ನು ಕಳೆದುಕೊಂಡು, ಟ್ಯಾಕ್ಸಿ ಓಡಿಸುತ್ತಿರುತ್ತಾನೆ. ನಕಲಿ ನಂಬರ್ ಪ್ಲೇಟಿನ ಕಾರೊಂದರ ಬೆನ್ನು ಹತ್ತಿ ಹೋದವನು ಮತ್ತೆ ಆ ಹಳೇ ಕೇಸಿಗೇ ಬಂದು ನಿಲ್ಲುತ್ತಾನೆ.

ನಾವು ಭದ್ರಾವತಿಯವರು, ಅಪ್ಪ ದುಡಿದದ್ದೂ ಕಾರ್ಖಾನೆಯಲ್ಲೇ. ಇಂಗ್ಲಿಷ್ ಸಬ್‌ಟೈಟಲ್ ಓಡುವ ವೇಗಕ್ಕೆ ಅವರಿಗೆ ಓದಲಾಗುವುದಿಲ್ಲ, ಹಾಗಾಗಿ ನಾನು ಪಕ್ಕದಲ್ಲಿ ಕೂತು ಹೇಳುತ್ತಾ ಹೋದೆ. ಕೇಸಿನ ಸುಳಿವು ಬಂದಾಗ ಸುಮ್ನೆ ಕೂತಿರುತ್ತಿದ್ದರು. ಕೆಲಸದಿಂದ ತೆಗೆಯುವವರ ಪಟ್ಟಿಯ ಮಾತು ಬಂತು ನೋಡಿ, ಮುಂದಕ್ಕೆ ಬಾಗಿ ಕೂತರು. "ಈಗ ಮನೆಗೆ ಹೋಗಿ ಹೆಂಡ್ತಿಗೆ ಹೇಗೆ ಹೇಳ್ತಾನೆ ನೋಡು" ಅಂದರು.

ಈ ಸೀರೀಸ್‌ನ ನಿಧಾನಕ್ಕೆ ಅರ್ಥ ಇರೋದು ಅಲ್ಲೇ. 1990ರ ದಶಕದ ಕೊನೆಯಲ್ಲಿ ಚೀನಾದ ಸರ್ಕಾರಿ ಕಾರ್ಖಾನೆಗಳಲ್ಲಿ ಕೋಟಿಗಟ್ಟಲೆ ಜನ ಕೆಲಸ ಕಳೆದುಕೊಂಡರು. ಮನೆ, ಆಸ್ಪತ್ರೆ, ಮರ್ಯಾದೆ ಎಲ್ಲ ಕೊಟ್ಟಿದ್ದು ಕಾರ್ಖಾನೆಯೇ, ಅದು ಕೈಬಿಟ್ಟರೆ ಮನುಷ್ಯ ಯಾರು? ಪೊಲೀಸರಿಗೆ ನೆರವಾದರೆ ತನ್ನ ಕೆಲಸ ಉಳಿಯಬಹುದು ಅನ್ನೋ ಆಸೆಯಿಂದ ವಾಂಗ್ ಶಿಯಾಂಗ್ ಕೊಲೆ ತನಿಖೆಗೆ ಓಡಾಡುವುದನ್ನು ನೋಡುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ಹಾಸ್ಯ ಪ್ರಹಸನಗಳಿಂದ ಹೆಸರಾದ ಫಾನ್ ವೇ ಈ ಪಾತ್ರ ಮಾಡಿದ್ದಾರೆ. ಜಂಬ, ಗೋಗರೆತ, ಆಮೇಲಿನ ಮೌನ, ಎಲ್ಲಾ ಒಂದೇ ಮುಖದಲ್ಲಿ. ಜೊತೆಗೆ ಸಕ್ಕರೆ ಕಾಯಿಲೆಯ, ಪಾರಿವಾಳ ಸಾಕುವ ಗೊಂಗ್ ಬಿಯಾವ್ ಮತ್ತು ಲ್ಯಾಟಿನ್ ಡ್ಯಾನ್ಸ್ ಮಾಡುವ ಮಾಜಿ ಪೊಲೀಸ್ ಮಾ ದೆಶೆಂಗ್. ಈ ಮೂವರ ಜಗಳ, ಊಟ, ನಗು, ಇವಕ್ಕೆಲ್ಲ ಕ್ಯಾಮೆರಾ ಪುರುಸೊತ್ತು ಮಾಡಿಕೊಂಡು ಕೂರುತ್ತೆ. ಇಷ್ಟು ಕತ್ತಲಿನ ಕಥೆಯನ್ನು ಬಂಗಾರದಂಥ ಬಿಸಿಲಲ್ಲಿ, ಮೆಕ್ಕೆಜೋಳದ ಹೊಲಗಳ ನಡುವೆ ಹೇಳಿದ್ದು ನನಗೆ ತುಂಬಾ ಇಷ್ಟವಾಯ್ತು.

ಕೊರತೆ ಇಲ್ಲ ಅಂತಲ್ಲ. 1997, 1998, 2016 ಅಂತ ಮೂರು ಕಾಲಗಳ ನಡುವೆ ಓಡಾಡುವಾಗ ಶುರುವಿನ ಕಂತುಗಳಲ್ಲಿ ತಲೆ ಗೊಂದಲವಾಗುತ್ತೆ, ಅಪ್ಪನಿಗೆ ಪದೇ ಪದೇ ನಿಲ್ಲಿಸಿ ಹೇಳಬೇಕಾಯ್ತು. ಕಾಕತಾಳೀಯಗಳೂ ಸ್ವಲ್ಪ ಜಾಸ್ತಿ. ನನಗೆ ನಿಜಕ್ಕೂ ಬೇಜಾರಾದದ್ದು ಹೆಣ್ಣು ಪಾತ್ರಗಳ ವಿಷಯದಲ್ಲಿ. ಶೆನ್ ಮೋ ಅನ್ನೋ ಹುಡುಗಿಯ ಮೇಲೆ ದೊಡ್ಡಪ್ಪ ಅನ್ನಿಸಿಕೊಂಡವನೇ ದೌರ್ಜನ್ಯ ಮಾಡುತ್ತಾನೆ. ಇಡೀ ಕಥೆ ತಿರುಗೋದೇ ಆ ಗಾಯದ ಸುತ್ತ. ಆದರೆ ಅವಳ ಮನಸ್ಸಿನೊಳಗೆ ನಮ್ಮನ್ನು ಬಿಡುವುದೇ ಇಲ್ಲ, ಹೊರಗಿನಿಂದಲೇ ತೋರಿಸಿ ಮುಂದಕ್ಕೆ ಹೋಗುತ್ತಾರೆ. ಆ ಮೂವರು ಗಂಡಸರಿಗೆ ಸಿಕ್ಕ ಪುರುಸೊತ್ತು ಅವಳಿಗೂ ಸಿಗಬೇಕಿತ್ತು, ಅಲ್ವಾ? ಅಪ್ಪ ಒಪ್ಪಲಿಲ್ಲ. ಆ ಹುಡುಗಿ ಮಾತಾಡದಿರುವುದೇ ಸರಿ ಅಂದರು. ಊಟಕ್ಕೆ ಕೂತಾಗಲೂ ಅದೇ ವಾದ ನಡೀತು, ನಾನಂತೂ ನನ್ನ ಮಾತು ಬಿಡಲಿಲ್ಲ.