ಲಿಫ್ಟ್ ಸರ್ವೀಸ್ ದಿನ ಮೆಷಿನ್ ರೂಮಿಗೆ ಹೋಗಿ ನೋಡಿ

ಆಗಸ್ಟ್‌ನ ಒಂದು ಮಧ್ಯಾಹ್ನ ನಮ್ಮ ಮೂರನೇ ಮಹಡಿಯ ಅಜ್ಜಿ ಲಿಫ್ಟಿನಲ್ಲಿ 35 ನಿಮಿಷ ಸಿಕ್ಕಿಹಾಕಿಕೊಂಡರು. ಅವರಿಗೆ 74 ವರ್ಷ. ಎರಡೂ ಮಂಡಿ ಆಪರೇಷನ್ ಆಗಿದೆ. ಗೇಟಿನ ಹತ್ತಿರ ಬಂದ ತಳ್ಳುಗಾಡಿಯಲ್ಲಿ ಸೊಪ್ಪು ತಗೊಂಡು ವಾಪಸ್ ಹೋಗುವಾಗ ಕರೆಂಟ್ ಹೋಯಿತು. ಲಿಫ್ಟ್ ಒಂದನೇ ಮಹಡಿ ದಾಟಿ, ಎರಡನೇದು ಮುಟ್ಟದೆ ನಡುವೆ ನಿಂತಿತು. ಒಳಗಿನ ಲೈಟೂ ಆರಿತು. ಅಲಾರಂ ಬೆಲ್ ಒತ್ತಿದರೆ ಸದ್ದೇ ಇಲ್ಲ. ಆ ಸ್ಟೀಲ್ ಡಬ್ಬದೊಳಗೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ವಾಚ್‌ಮನ್ ಊಟಕ್ಕೆ ಹೋಗಿದ್ದ. ಅಜ್ಜಿ ಕತ್ತಲಲ್ಲಿ ಬಾಗಿಲು ಬಡಿಯುತ್ತಾ ನಿಂತಿದ್ದರು. ಸ್ಕೂಲಿಂದ ಬಂದ ಹುಡುಗನೊಬ್ಬ ಮೆಟ್ಟಿಲು ಹತ್ತುವಾಗ ಆ ಸದ್ದು ಕೇಳಿಸಿಕೊಂಡು ಓಡಿ ಬಂದು ನನ್ನನ್ನು ಕರೆದ.

ಆಮೇಲೆ ಏನಾಯಿತು ಅನ್ನುವುದನ್ನು ಸರಿಯಾಗಿ ಬರೆಯಬೇಕು, ಯಾಕೆಂದರೆ ನಿಜವಾದ ಅಪಾಯ ಇದ್ದದ್ದು ಅಲ್ಲೇ. ನಾಲ್ಕು ಜನ ಸೇರಿದರು. ಯಾರೋ ಒಂದು ಕಬ್ಬಿಣದ ರಾಡ್ ತಂದು ಒಂದನೇ ಮಹಡಿಯ ಬಾಗಿಲನ್ನು ಮೀಟಿ ತೆಗೆದರು. ಲಿಫ್ಟಿನ ನೆಲ ನಮ್ಮ ಸೊಂಟದ ಎತ್ತರಕ್ಕಿತ್ತು. "ಒಂದು ಸ್ಟೂಲ್ ಹಾಕಿ, ಅಜ್ಜೀನ ಹಿಡಿದು ಇಳಿಸೋಣ" ಅಂದರು. ನನಗೂ ಅದೇ ಸರಿ ಅನ್ನಿಸಿತು. ನಾಲ್ಕನೇ ಮಹಡಿಯ ಅಂಕಲ್ ಒಬ್ಬರು ಮೊದಲು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಅವರು ಮಾತ್ರ ಜೋರಾಗಿ ಕೂಗಿ ತಡೆದರು. "ಕೆಳಗೆ ನೋಡಿ" ಅಂದರು. ನೋಡಿದೆ. ಲಿಫ್ಟಿನ ತಳಕ್ಕೂ ನಮ್ಮ ನೆಲಕ್ಕೂ ನಡುವೆ ಕಪ್ಪು ಬಾವಿಯ ಹಾಗೆ ಖಾಲಿ ಜಾಗ. ಇಳಿಯುವವರ ಕಾಲು ಸ್ವಲ್ಪ ಜಾರಿದರೆ, ಅಥವಾ ಇಳಿಸುವವರ ಕೈ ತಪ್ಪಿದರೆ, ನೇರ ಪಿಟ್ಟಿಗೆ, ಅಂದರೆ ಲಿಫ್ಟ್ ಓಡುವ ಬಾವಿಯ ತಳದ ಗುಂಡಿಗೆ. ಲಿಫ್ಟ್ ಸಿಕ್ಕಿಹಾಕಿಕೊಂಡಾಗ ಒಳಗೆ ಇರುವವರಿಗೆ ಭಯ ಆಗುತ್ತದೆ ನಿಜ, ಆದರೆ ಕ್ಯಾಬಿನ್‌ಗೆ ಗಾಳಿ ಬರಲು ಕಿಂಡಿಗಳಿವೆ, ಉಸಿರು ಕಟ್ಟುವುದಿಲ್ಲ. ಅವಸರದಲ್ಲಿ ಹೊರಗೆ ಎಳೆಯುವುದೇ ಹೆಚ್ಚು ಅಪಾಯ.

ಬಾಗಿಲು ಮತ್ತೆ ಮುಚ್ಚಿದೆವು. ಅಂಕಲ್ ಹೊರಗಿಂದ ಅಜ್ಜಿಯ ಜೊತೆ ಮಾತಾಡುತ್ತಾ ಕೂತರು. ಸರ್ವೀಸ್ ಕಂಪನಿಗೆ ಫೋನ್ ಮಾಡಿದರೆ ಒಂದು ಗಂಟೆ ಆಗುತ್ತೆ ಅಂದರು. ಅಷ್ಟರಲ್ಲಿ ಕರೆಂಟ್ ಬಂತು, ಲಿಫ್ಟ್ ಮೆಲ್ಲಗೆ ಹೋಗಿ ಮಹಡಿಗೆ ಸೇರಿತು. ಅಜ್ಜಿ ಹೊರಗೆ ಬಂದಾಗ ಸೊಪ್ಪಿನ ಚೀಲ ಎದೆಗೆ ಒತ್ತಿಕೊಂಡಿದ್ದರು. ಸೀರೆ ಎಲ್ಲಾ ಬೆವರಿಗೆ ಒದ್ದೆ. ಒಂದು ಮಾತೂ ಆಡದೆ ನನ್ನ ಕೈ ಹಿಡ್ಕೊಂಡರು.

ನಾನು ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನ ಸೆಕ್ರೆಟರಿ. ಗ್ರೌಂಡ್ ಬಿಟ್ಟು ನಾಲ್ಕು ಮಹಡಿ, 16 ಮನೆ, ಒಂದೇ ಲಿಫ್ಟ್. ಆ ಸಂಜೆ ಫೈಲ್ ತೆಗೆದು ನೋಡಿದೆ. ಜುಲೈ ತಿಂಗಳ ಸರ್ವೀಸ್ ರಿಪೋರ್ಟ್‌ನಲ್ಲಿ ಎಲ್ಲಾ ಸಾಲಿನ ಮುಂದೆಯೂ ಟಿಕ್. ಬ್ರೇಕ್ ಓಕೆ, ಹಗ್ಗ ಓಕೆ, ಬಾಗಿಲು ಓಕೆ, ಎಆರ್‌ಡಿ ಓಕೆ, ಅಲಾರಂ ಓಕೆ. ಕೆಳಗೆ ನನ್ನದೇ ಸಹಿ. ಪ್ರತಿ ತಿಂಗಳು ಮೆಕ್ಯಾನಿಕ್ ಬಂದು ಪುಸ್ತಕ ಚಾಚುತ್ತಾನೆ, ನಾನು ಬಾಗಿಲಲ್ಲೇ ನಿಂತು ಸಹಿ ಹಾಕುತ್ತೇನೆ. ಎರಡು ವರ್ಷದಿಂದ ಹೀಗೇ ನಡೆದಿದೆ. ಕಂಪನಿಯದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸಹಿ ನನ್ನದು. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಎಆರ್‌ಡಿ ಅಂದರೆ ಆಟೋಮ್ಯಾಟಿಕ್ ರೆಸ್ಕ್ಯೂ ಡಿವೈಸ್. ಕರೆಂಟ್ ಹೋದ ತಕ್ಷಣ ಬ್ಯಾಟರಿಯಿಂದ ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆಗೆಯುವುದು ಅದರ ಕೆಲಸ. ಅದು ಸರಿ ಇದ್ದಿದ್ದರೆ ಅಜ್ಜಿ ಅರ್ಧ ನಿಮಿಷದಲ್ಲಿ ಹೊರಗೆ ಬರ್ತಿದ್ದರು. ಮನೆಯ ಯುಪಿಎಸ್ ಬ್ಯಾಟರಿ ಹಾಗೇ ಇದೂ ಎರಡು ಮೂರು ವರ್ಷಕ್ಕೆ ಸುಸ್ತಾಗುತ್ತದೆ. ನಮ್ಮದರ ಮುಚ್ಚಳ ತೆಗೆದರೆ ಬ್ಯಾಟರಿ ಊದಿಕೊಂಡು ಕೂತಿತ್ತು. ಬಿಲ್ ಹುಡುಕಿದರೆ ಹಾಕಿಸಿ ನಾಲ್ಕು ವರ್ಷ ದಾಟಿದೆ. ಇದನ್ನು ಪರೀಕ್ಷೆ ಮಾಡಲು ಯಾವ ಇಂಜಿನಿಯರೂ ಬೇಡ. ಮೆಕ್ಯಾನಿಕ್ ಎದುರಲ್ಲಿ ಲಿಫ್ಟ್ ಓಡುತ್ತಿರುವಾಗ ಅದರ ಮೇನ್ ಸ್ವಿಚ್ ಆಫ್ ಮಾಡಿಸಿ ನೋಡಿದರೆ ಆಯಿತು. ಬಂದು ನಿಂತು ಬಾಗಿಲು ತೆಗೆಯಿತಾ, ಇಲ್ಲವಾ. ಎರಡು ನಿಮಿಷದ ಕೆಲಸ.

ಮುಂದಿನ ಸರ್ವೀಸ್‌ಗೆ ಬೇರೆ ಹುಡುಗ ಬಂದ. ವಿಜಯಪುರದ ಕಡೆಯವನು, ಐಟಿಐ ಓದಿದವನು. ಆ ದಿನ ಅವನಿಗೆ ಇನ್ನೂ ಏಳು ಲಿಫ್ಟ್ ನೋಡುವುದಿತ್ತು. ನಾನು ಜೊತೆಗೆ ಬರ್ತೀನಿ ಅಂದಾಗ ಮೊದಲು ಮುಜುಗರ ಪಟ್ಟ, ಆಮೇಲೆ ಖುಷಿಯಿಂದಲೇ ಕರ್ಕೊಂಡು ಹೋದ. "ಯಾರೂ ಮ್ಯಾಲ ಬರಂಗಿಲ್ರೀ ಮೇಡಮ್" ಅಂದ.

ಟೆರೇಸ್ ಮೇಲಿನ ಮೆಷಿನ್ ರೂಮ್ ಬಾಗಿಲು ತೆಗೆದ ಕೂಡಲೇ ನನಗೆ ನಾಚಿಕೆ ಆಯಿತು. ಗಣಪತಿ ಹಬ್ಬದ ಪೆಂಡಾಲ್ ಬಟ್ಟೆ, ಹಳೇ ಪೇಂಟ್ ಡಬ್ಬಗಳು, ಯಾರದೋ ಮುರಿದ ಸೈಕಲ್. ಕಿಟಕಿ ಗಾಜು ಒಡೆದು ಪಾರಿವಾಳ ಗೂಡು ಕಟ್ಟಿದೆ. ಇದರ ನಡುವೆ ಮೋಟರ್ ಓಡುತ್ತಿದೆ. ಬಟ್ಟೆ ಮತ್ತು ಪೇಂಟ್ ಎರಡೂ ಬೆಂಕಿ ಹಿಡಿಯುವ ವಸ್ತು. ಎಲೆಕ್ಟ್ರಾನಿಕ್ ಪ್ಯಾನೆಲ್‌ಗೆ ಗಾಳಿ ಬೇಕು, ಧೂಳು ಬೇಡ. ಇಲ್ಲಿ ಎರಡೂ ಉಲ್ಟಾ. ಇದಕ್ಕೆ ಯಾವ ಕಂಪನಿಯನ್ನೂ ಬೈಯುವ ಹಾಗಿಲ್ಲ, ತುಂಬಿಟ್ಟವರು ನಾವೇ.

ಆ ಹುಡುಗ ಬ್ರೇಕಿನ ಬಗ್ಗೆ ಹೇಳಿದ್ದು ನನಗೆ ಪೂರ್ತಿ ಹೊಸದು. "ಕರೆಂಟ್ ಇದ್ರ ಬ್ರೇಕ್ ಬಿಡ್ತೈತ್ರೀ, ಕರೆಂಟ್ ಹೋದ್ರ ಹಿಡ್ಕೊಂತೈತಿ" ಅಂದ. ಅಂದರೆ ಸ್ಪ್ರಿಂಗ್ ಯಾವಾಗಲೂ ಬ್ರೇಕನ್ನು ಒತ್ತಿ ಹಿಡಿದಿರುತ್ತದೆ. ಲಿಫ್ಟ್ ಹೊರಡಬೇಕಾದಾಗ ಮಾತ್ರ ಕರೆಂಟಿನ ಬಲದಿಂದ ಅದು ಸಡಿಲ ಆಗುತ್ತದೆ. ಹಾಗಾಗಿ ಕರೆಂಟ್ ಹೋದರೆ ಲಿಫ್ಟ್ ಬೀಳುವುದಿಲ್ಲ, ನಿಲ್ಲುತ್ತದೆ. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ಅಲ್ವಾ? ಆದರೆ ಬ್ರೇಕಿನ ಲೈನರ್ ಸವೆದರೆ, ಅಥವಾ ಗೇರ್ ಬಾಕ್ಸಿನ ಎಣ್ಣೆ ಸೋರಿ ಡ್ರಮ್ಮಿನ ಮೇಲೆ ಬಿದ್ದರೆ, ಹಿಡಿತ ಜಾರುತ್ತದೆ.

ಜಾರಿದರೆ ಕೆಳಗೆ ಬೀಳುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಒಬ್ಬರೋ ಇಬ್ಬರೋ ಇದ್ದರೆ ಅದು ಹೋಗುವುದು ಮೇಲಕ್ಕೆ! ತಕ್ಕಡಿಯನ್ನು ನೆನೆಸಿಕೊಳ್ಳಿ. ಒಂದು ತಟ್ಟೆಯಲ್ಲಿ ನಾವು ನಿಲ್ಲುವ ಕ್ಯಾಬಿನ್, ಇನ್ನೊಂದರಲ್ಲಿ ಕೌಂಟರ್‌ವೇಟ್ ಅನ್ನುವ ಭಾರ. ಆ ಭಾರ ಎಷ್ಟಿರುತ್ತದೆ ಅಂದರೆ, ಖಾಲಿ ಕ್ಯಾಬಿನ್ನಿನ ತೂಕದ ಜೊತೆಗೆ ಅದು ಹೊರಬಹುದಾದ ತೂಕದ ಸುಮಾರು ಅರ್ಧದಷ್ಟು. ಕ್ಯಾಬಿನ್ ಖಾಲಿಯಾಗಿದ್ದರೆ ಆ ಕಡೆಯೇ ಭಾರ, ನಾವು ಮೇಲೆ. ಬ್ರೇಕ್ ಕೈಕೊಟ್ಟರೆ ಲಿಫ್ಟ್ ಮೇಲಿನ ಚಾವಣಿಯ ಕಡೆ ಹೋಗುತ್ತದೆ.

ಕೆಳಗೆ ಬೀಳುವುದಕ್ಕೆ ಬೇರೆ ರಕ್ಷಣೆ ಇದೆ. 1854ರಲ್ಲಿ ನ್ಯೂಯಾರ್ಕ್‌ನ ಪ್ರದರ್ಶನವೊಂದರಲ್ಲಿ ಎಲಿಷಾ ಓಟಿಸ್ ಅನ್ನುವವರು ಎತ್ತರದ ಲಿಫ್ಟಿನ ಹಲಗೆ ಮೇಲೆ ನಿಂತು, ಜನರ ಕಣ್ಣೆದುರೇ ಅದರ ಹಗ್ಗ ಕತ್ತರಿಸಿಸಿದರು. ಹಲಗೆ ಸ್ವಲ್ಪ ಇಳಿದು ಕಚ್ಚಿಕೊಂಡು ನಿಂತಿತು. ಇವತ್ತಿನ ಲಿಫ್ಟಿನಲ್ಲೂ ಅದೇ ತತ್ವ. ಗವರ್ನರ್ ಅನ್ನುವ ಚಕ್ರ ವೇಗವನ್ನು ನೋಡ್ತಾ ಇರುತ್ತದೆ. ನಮ್ಮ ಲಿಫ್ಟಿನ ವೇಗ ಸೆಕೆಂಡಿಗೆ 0.68 ಮೀಟರ್, ಗಂಟೆಗೆ ಎರಡೂವರೆ ಕಿಲೋಮೀಟರ್ ಆಗಲಿಲ್ಲ, ನಾವು ನಿಧಾನವಾಗಿ ನಡೆಯುವಷ್ಟು. ಕೆಳಗೆ ಇಳಿಯುವಾಗ ಮಿತಿ ಮೀರಿದರೆ ಗವರ್ನರ್ ಲಾಕ್ ಆಗಿ, ಕ್ಯಾಬಿನ್ನಿನ ತಳದಲ್ಲಿರುವ ಬೆಣೆಗಳು ಎರಡು ಪಕ್ಕದ ಕಬ್ಬಿಣದ ಹಳಿಗಳನ್ನು ಕಚ್ಚುತ್ತವೆ. ಹಗ್ಗವೂ ಒಂದಲ್ಲ, ನಮ್ಮದರಲ್ಲಿ ಮೂರು ಉಕ್ಕಿನ ಹಗ್ಗಗಳಿವೆ. ಹಳೇ ಲಿಫ್ಟುಗಳಲ್ಲಿ ಈ ಬೆಣೆಗಳು ಕೆಳಗೆ ಹೋಗುವಾಗ ಮಾತ್ರ ಕಚ್ಚುತ್ತವೆ, ಮೇಲಕ್ಕೆ ಜಾರಿದರೆ ಬ್ರೇಕ್ ಒಂದೇ ಗತಿ. ಸಿನಿಮಾದಲ್ಲಿ ಹಗ್ಗ ಕಡಿದು ಬೀಳುವ ಲಿಫ್ಟ್ ನೋಡಿ ನಾವು ತಪ್ಪು ಕಡೆ ಹೆದರುತ್ತೇವೆ.

ಆದರೆ ಈ ಯಾವ ರಕ್ಷಣೆಯೂ ತಾನಾಗಿ ಉಳಿಯುವುದಿಲ್ಲ. ನಮ್ಮ ಗವರ್ನರ್ ಮೇಲೆ ಪಾರಿವಾಳದ ಹಿಕ್ಕೆ ಗಟ್ಟಿಯಾಗಿತ್ತು. ಆ ಹುಡುಗ ಅದನ್ನು ಕೆರೆದು ತೆಗೆಯುವಾಗ ನಾನು ಮಾತಾಡದೆ ನೋಡುತ್ತಾ ನಿಂತೆ. 11 ವರ್ಷ ಹಳೆಯ ಲಿಫ್ಟ್. ಬೆಣೆ ಕಚ್ಚುತ್ತದಾ ಅಂತ ಕೊನೆಗೆ ಯಾವಾಗ ಪರೀಕ್ಷೆ ಮಾಡಿದ್ದರು ಅನ್ನುವುದಕ್ಕೆ ನಮ್ಮ ಫೈಲಿನಲ್ಲಿ ಒಂದು ಸಾಲೂ ಇಲ್ಲ.

ಇನ್ನು ಬಾಗಿಲು. ಸಣ್ಣಪುಟ್ಟ ರಿಪೇರಿ ಜಾಸ್ತಿ ಬರುವುದು ಇಲ್ಲೇ. ಬಾಗಿಲು ಜಾರುವ ಸಂದಿಯಲ್ಲಿ ಏನೇನು ಸಿಕ್ಕಿತು ಗೊತ್ತಾ? ಮರಳು, ಚಾಕೊಲೇಟ್ ಕಾಗದ, ಒಂದು ಉಗುರು ಕತ್ತರಿ, ಒಣಗಿದ ಚೆಂಡು ಹೂವಿನ ಎಸಳು. ಆಯುಧ ಪೂಜೆಗೆ ನಾವು ಲಿಫ್ಟಿಗೂ ಹಾರ ಹಾಕಿ, ಕುಂಕುಮ ಇಟ್ಟು, ನಿಂಬೆಹಣ್ಣು ಕೊಯ್ದು ಪೂಜೆ ಮಾಡುತ್ತೇವೆ. ನನಗೆ ಅದು ಬಹಳ ಇಷ್ಟ. ವರ್ಷ ಪೂರ್ತಿ ನಮ್ಮನ್ನು ಹೊತ್ತ ಯಂತ್ರಕ್ಕೆ ಒಂದು ದಿನ ಕೈಮುಗಿಯುವುದು ಒಳ್ಳೆಯದೇ. ಈ ವರ್ಷದಿಂದ ಪೂಜೆಯ ಹಿಂದಿನ ದಿನ ಮೆಷಿನ್ ರೂಮ್ ಗುಡಿಸಿ ಒರೆಸುವುದು, ಮಾರನೇ ದಿನ ಸಂದಿಯ ಹೂವು ತೆಗೆಯುವುದು, ಎರಡನ್ನೂ ಸೇರಿಸಿಕೊಂಡಿದ್ದೇವೆ.

ಹೊರಗಿನ ಬಾಗಿಲಿನ ಲಾಕ್ ಬಗ್ಗೆ ಮಾತ್ರ ದಯವಿಟ್ಟು ಸುಮ್ನೆ ಬಿಡಬೇಡಿ. ಕ್ಯಾಬಿನ್ ಆ ಮಹಡಿಯಲ್ಲಿ ಇಲ್ಲದಾಗ ಹೊರಬಾಗಿಲು ಕೈಯಿಂದ ಎಳೆದರೆ ತೆಗೆಯಲೇಬಾರದು. ಬಾಗಿಲು ಪೂರ್ತಿ ಮುಚ್ಚದೆ ಲಿಫ್ಟ್ ಹೊರಡಲೇಬಾರದು. ಲಿಫ್ಟ್ ಬಂದಿದೆ ಅಂದುಕೊಂಡು ಕಾಲಿಟ್ಟು ಬಿದ್ದರು ಅನ್ನುವ ಸುದ್ದಿ ಪೇಪರಿನಲ್ಲಿ ಆಗಾಗ ಓದುತ್ತೇವಲ್ಲ, ಅದು ಈ ಲಾಕ್ ಸವೆದಾಗ ಅಥವಾ ಯಾರೋ ಅದನ್ನು ಮೀಟಿ ಹಾಳು ಮಾಡಿದಾಗ ಆಗುವಂಥದ್ದು. ಜಾಲರಿ ಬಾಗಿಲಿನ ಹಳೇ ಲಿಫ್ಟುಗಳಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಕೆಲವು ಸಲ ಬಾಗಿಲಿನ ದೋಷ ಸಿಗದೆ ಲಿಫ್ಟ್ ನಿಂತುಬಿಟ್ಟಾಗ, ಮೆಕ್ಯಾನಿಕ್ ಪ್ಯಾನೆಲ್‌ನಲ್ಲಿ ಒಂದು ಚೂರು ವೈರ್ ಹಾಕಿ, ಬಾಗಿಲು ಮುಚ್ಚಿದೆಯಾ ಅಂತ ನೋಡುವ ಸರ್ಕ್ಯೂಟನ್ನೇ ಶಾರ್ಟ್ ಮಾಡುತ್ತಾನೆ. ಪರೀಕ್ಷೆ ಮಾಡುವಾಗ ಅದು ಬೇಕಾಗಬಹುದು. ಆದರೆ ಜನ "ಬೇಗ ಓಡಿಸಪ್ಪಾ" ಅಂತ ಒತ್ತಾಯ ಮಾಡಿದರೆ ಆ ವೈರ್ ಅಲ್ಲೇ ಉಳಿದುಬಿಡುತ್ತದೆ. ಬಾಗಿಲು ತೆಗೆದಿದ್ದರೂ ಲಿಫ್ಟ್ ಓಡುತ್ತದೆ. ಒತ್ತಾಯ ಮಾಡುವವರು ನಾವು. ಲಿಫ್ಟ್ ಎರಡು ದಿನ ನಿಂತರೆ ನಿಲ್ಲಲಿ ಅಂತ ಹೇಳುವ ಧೈರ್ಯ ಅಸೋಸಿಯೇಷನ್‌ಗೆ ಇರಬೇಕು. ಆ ಎರಡು ದಿನ ಅಜ್ಜಿಗೆ ಸೊಪ್ಪು ನಾವೇ ತಂದುಕೊಟ್ಟರೆ ಆಯಿತು.

ತೂಕದ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ಲಿಫ್ಟಿನ ಲೆಕ್ಕದಲ್ಲಿ ಒಬ್ಬರಿಗೆ 68 ಕೆಜಿ. ಆರು ಜನರ ಲಿಫ್ಟ್ ಅಂದರೆ 408 ಕೆಜಿ. ಸಿಮೆಂಟ್ ಮೂಟೆ ಒಂದು 50 ಕೆಜಿ, ಎಂಟು ಮೂಟೆಗೇ 400 ಆಯಿತು. ಮನೆ ರಿಪೇರಿ ಮಾಡಿಸುವಾಗ ಎಂಟು ಮೂಟೆ ಇಟ್ಟು ಜೊತೆಗೆ ಇಬ್ಬರು ಕೂಲಿಯವರು ನಿಲ್ಲುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಟೈಲ್ಸ್, ಗ್ರಾನೈಟ್ ಇನ್ನೂ ಭಾರ. ಈಗ ಅಂಥ ಕೆಲಸಕ್ಕೆ ಮೊದಲೇ ಹೇಳಬೇಕು ಅಂತ ನಿಯಮ ಮಾಡಿದ್ದೇವೆ.

ಪಿಟ್ಟಿನಲ್ಲಿ ಒಂದು ಅಡಿ ನೀರಿತ್ತು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಎಷ್ಟೋ ಬೇಸ್‌ಮೆಂಟ್‌ಗಳು ಮುಳುಗಿದ್ದು ಎಲ್ಲರಿಗೂ ನೆನಪಿದೆ. ಜೋರು ಮಳೆ ಬಂದರೆ ಲಿಫ್ಟನ್ನು ಮೇಲಿನ ಮಹಡಿಗೆ ತಂದು ಆಫ್ ಮಾಡಿಬಿಡಿ ಅಂತ ವಾಚ್‌ಮನ್‌ಗೆ ಹೇಳಿದ್ದೇವೆ. ನೀರಿರುವ ಪಿಟ್ಟಿಗೆ ಕ್ಯಾಬಿನ್ ಇಳಿಯಬಾರದು. ಅಡಿಯಲ್ಲಿರುವ ವೈರು, ಸ್ವಿಚ್ಚು ಎಲ್ಲ ಹಾಳು. ಕ್ಯಾಬಿನ್ ತೀರಾ ಕೆಳಗೆ ಬಂದರೆ ಪೆಟ್ಟು ತಡೆಯುವ ಬಫರ್ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ.

ಕರ್ನಾಟಕದಲ್ಲಿ ಲಿಫ್ಟಿಗೆ ಅಂತಲೇ 2012ರ ಕಾಯ್ದೆ ಇದೆ. ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟೊರೇಟ್‌ನಿಂದ ಲೈಸೆನ್ಸ್ ಪಡೆದೇ ಲಿಫ್ಟ್ ಓಡಿಸಬೇಕು. ಬಿಲ್ಡರ್ ಕೊಟ್ಟ ಕಾಗದಗಳಲ್ಲಿ ಆ ಲೈಸೆನ್ಸ್ ಇದೆಯಾ ಅಂತ ಒಮ್ಮೆ ಹುಡುಕಿ. ನಮಗೆ ಹುಡುಕಲು ಮೂರು ವಾರ ಹಿಡಿಯಿತು.

ಮೀಟಿಂಗಿನಲ್ಲಿ ಜಗಳ ಆಗಿದ್ದು ದುಡ್ಡಿಗೆ. ನಮ್ಮದು ಬರೀ ಸರ್ವೀಸ್ ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ) ಆಗಿತ್ತು, ಬಿಡಿಭಾಗಕ್ಕೆ ಬೇರೆ ಬಿಲ್. ಅದಕ್ಕೇ ಬ್ಯಾಟರಿ ಮುಂದಕ್ಕೆ ಹಾಕುತ್ತಾ ಬಂದಿದ್ದೆವು. ಬಿಡಿಭಾಗವೂ ಸೇರಿದ ಎಎಂಸಿ ತಗೊಂಡರೆ ನಮ್ಮಲ್ಲಿ ಮನೆಗೆ ತಿಂಗಳಿಗೆ 140 ರೂಪಾಯಿ ಜಾಸ್ತಿ ಆಗುತ್ತದೆ. ಗ್ರೌಂಡ್ ಫ್ಲೋರ್‌ನವರು "ನಾವು ಲಿಫ್ಟ್ ಹತ್ತೋದೇ ಇಲ್ಲ, ನಾವ್ಯಾಕೆ ಕೊಡಬೇಕು" ಅಂದರು. ಅವರ ಮಾತಿನಲ್ಲೂ ಅರ್ಥ ಇದೆ. ಆಗ ಅಜ್ಜಿ ಎದ್ದು, ಆ 35 ನಿಮಿಷ ಹೇಗಿತ್ತು ಅಂತ ಹೇಳಿದರು. ಅಲ್ಲಿಯವರೆಗೆ ಅವರು ಯಾರ ಹತ್ತಿರವೂ ಹೇಳಿರಲಿಲ್ಲ. ಕತ್ತಲಲ್ಲಿ ವಿಷ್ಣು ಸಹಸ್ರನಾಮ ಶುರು ಮಾಡಿದರಂತೆ, ಬಾಯಿಪಾಠ ಇದ್ದದ್ದು ನಡುವೆ ಮರೆತುಹೋಯಿತಂತೆ, ಮತ್ತೆ ಮೊದಲಿನಿಂದ ಹೇಳಿದರಂತೆ. ಗ್ರೌಂಡ್ ಫ್ಲೋರ್‌ನವರು "ಆಯ್ತು, ಬರ್ಕೊಳ್ಳಿ" ಅಂದರು.

ಹೊಸ ಬ್ಯಾಟರಿ ಬಂದಿದೆ, ಅದರ ಮೇಲೆ ಮಾರ್ಕರ್‌ನಲ್ಲಿ ತಾರೀಖು ಬರೆಸಿದ್ದೇನೆ. ಅಲಾರಂ ಈಗ ವಾಚ್‌ಮನ್ ಕೋಣೆಯಲ್ಲೂ ಕೇಳಿಸುತ್ತದೆ. ಪಿಟ್ ಒಣಗಿದೆ, ಕಿಟಕಿಗೆ ಜಾಲರಿ ಹಾಕಿಸಿದ್ದೇವೆ, ಗೂಡಿನಲ್ಲಿ ಮರಿ ಇದ್ದದ್ದರಿಂದ ಅದು ಹಾರಿಹೋಗುವ ತನಕ ಕಾದೆವು. ಗವರ್ನರ್ ಮತ್ತು ಬೆಣೆಗಳ ಪರೀಕ್ಷೆ ಮುಂದಿನ ಶನಿವಾರ ಇದೆ. ಆ ದಿನ ಬೆಳಗ್ಗೆ 10ರಿಂದ ಲಿಫ್ಟ್ ಇರುವುದಿಲ್ಲ ಅಂತ ಎಲ್ಲಾ ಮನೆಗೂ ಹೇಳಿ ಬಂದಿದ್ದೇನೆ.