ಕೋನಮಾಪಕ ತೋರಿಸಿದ 59 ಡಿಗ್ರಿ

ನವೆಂಬರ್ ಕೊನೆಯ ವಾರ. ಸಕಲೇಶಪುರದ ಸುತ್ತಿನ ತೋಟಗಳಲ್ಲಿ ಅರೇಬಿಕಾ ಕೊಯ್ಲು ಶುರುವಾಗಿತ್ತು. ಪ್ರಥಮ ಪಿಯುಸಿಯ ಅರ್ಧ ಬೆಂಚುಗಳು ಖಾಲಿ. ಬಂದಿದ್ದವರಿಗೆ ಸರಳರೇಖೆಗಳ ಪಾಠ ಮಾಡುತ್ತಿದ್ದೆ.

ಈ ಸೀಮೆಯ ಮಕ್ಕಳಿಗೆ ಇಳಿಜಾರು ಎಂದರೇನೆಂದು ವಿವರಿಸಬೇಕಾಗಿಲ್ಲ. ಇಲ್ಲಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ಘಟ್ಟದ ರೈಲು ಮಾರ್ಗದಲ್ಲಿ 50 ಮೀಟರ್ ಮುಂದೆ ಹೋದರೆ 1 ಮೀಟರ್ ಇಳಿತ. ಈ ಅನುಪಾತವೇ ಇಳಿಜಾರು ಎಂದೆ. ಜೋಡಿ ಹಳಿಗಳನ್ನು ತೋರಿಸಿ, ಸಮಾಂತರ ರೇಖೆಗಳ ಇಳಿಜಾರು ಒಂದೇ ಎಂದಾಗ ಎಲ್ಲರೂ ತಲೆಯಾಡಿಸಿದರು. ಲಂಬ ರೇಖೆಗಳಾದರೆ ಎರಡು ಇಳಿಜಾರುಗಳ ಗುಣಲಬ್ಧ −1 ಎಂದು ಬೋರ್ಡಿನ ಮೇಲೆ ಬರೆದು, ಸುತ್ತ ಚೌಕಟ್ಟು ಹಾಕಿದೆ. 2 ಮತ್ತು −1/2 ಇಳಿಜಾರಿನ ಎರಡು ರೇಖೆಗಳನ್ನು ಗ್ರಾಫ್ ಹಾಳೆಯಲ್ಲಿ ಎಳೆದು ಪರೀಕ್ಷಿಸಿ ಎಂದೆ.

ಕಿಟಕಿಯ ಪಕ್ಕ ಕೂರುವ ಹುಡುಗಿಯೊಬ್ಬಳು ಹಾಳೆ ಹಿಡಿದು ಬಂದಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಬಾಯಿ ಬಿಡುವುದೇ ಅಪರೂಪ. "ಸರ್, ನನಗೆ 90 ಬರುತ್ತಿಲ್ಲ. 59 ಬರುತ್ತಿದೆ" ಎಂದಳು.

ನಾನು ಹಾಳೆಯನ್ನು ಸರಿಯಾಗಿ ನೋಡಲಿಲ್ಲ. ಬಿಂದು ಗುರುತಿಸುವಾಗ ತಪ್ಪಿರಬೇಕು, ಇನ್ನೊಮ್ಮೆ ಎಳೆ ಎಂದು ಕಳುಹಿಸಿಬಿಟ್ಟೆ. ಐದು ನಿಮಿಷಕ್ಕೆ ಹೊಸ ಹಾಳೆಯೊಂದಿಗೆ ಮರಳಿದಳು. ಮತ್ತೆ 59. ಈ ಸಲ ನಾನೇ ಕೋನಮಾಪಕ ಇಟ್ಟು ಅಳೆದೆ. ಬಿಂದುಗಳು ಸರಿಯಾಗಿದ್ದವು, ಗೆರೆಗಳು ನೇರವಾಗಿದ್ದವು, ಕೋನ ಮಾತ್ರ 59. ಅಷ್ಟರಲ್ಲಿ ಬೆಲ್ ಹೊಡೆಯಿತು.

ಊಟದ ಹೊತ್ತಿನಲ್ಲಿ ಆ ಹಾಳೆಯನ್ನು ಮುಂದೆ ಹರಡಿಕೊಂಡು ಕೂತೆ. ಹದಿನಾಲ್ಕು ವರ್ಷ ಆ ಸೂತ್ರವನ್ನು ಕಲಿಸಿದ್ದೇನೆ, ಯಾರೂ ಹೀಗೆ ಅಳೆದು ತಂದಿರಲಿಲ್ಲ. ಬುತ್ತಿ ಮುಗಿಯುವ ಹೊತ್ತಿಗೆ ಹಾಳೆಯ ಬಲ ಮೂಲೆ ಕಣ್ಣಿಗೆ ಬಿತ್ತು. ಹೈಸ್ಕೂಲಿನ ಶಿಸ್ತಿನಂತೆ ಅವಳು ಅಲ್ಲಿ ಪ್ರಮಾಣ ಬರೆದಿದ್ದಳು: ಎಕ್ಸ್-ಅಕ್ಷದಲ್ಲಿ 1 ಸೆಂ.ಮೀ.ಗೆ 1 ಮಾನ, ವೈ-ಅಕ್ಷದಲ್ಲಿ 1 ಸೆಂ.ಮೀ.ಗೆ 2 ಮಾನ. ಗೆರೆ ಹಾಳೆಯಿಂದಾಚೆ ಹೋಗದಿರಲಿ ಎಂದು ಹಾಗೆ ಮಾಡಿದ್ದಳು. ತಪ್ಪೇನಲ್ಲ. ಅವಳು ಎಲ್ಲವನ್ನೂ ಹೇಳಿಯೇ ಇದ್ದಳು, ನಾನು ಓದಿರಲಿಲ್ಲ.

ಮಧ್ಯಾಹ್ನ ಇನ್ನೊಬ್ಬ ಉಪನ್ಯಾಸಕರ ಅವಧಿ ಕೇಳಿ ಪಡೆದು ಅದೇ ತರಗತಿಗೆ ಹೋದೆ. ಮೊದಲು ಅವಳಿಗೆ, ಎಲ್ಲರೂ ಕೇಳುವಂತೆ, ನಿನ್ನ ಅಳತೆ ಸರಿ ಎಂದೆ. ಆಮೇಲೆ ರಟ್ಟಿನಲ್ಲಿ ಒಂದು ಲಂಬಕೋನ ತ್ರಿಭುಜ ಕತ್ತರಿಸಿದೆ. ಅಡ್ಡ 1 ಗೇಣು, ಎತ್ತರ 2 ಗೇಣು. ಅದರ ಓರೆ ಅಂಚಿನ ಇಳಿಜಾರು 2. ಬೋರ್ಡಿಗೆ ಒತ್ತಿ ಹಿಡಿದು ಕಾಲು ಸುತ್ತು ತಿರುಗಿಸಿದೆ. ಎತ್ತರವಾಗಿದ್ದ 2 ಗೇಣು ಈಗ ಅಡ್ಡ ಮಲಗಿತು, ಅಡ್ಡ ಇದ್ದ 1 ಗೇಣು ಎದ್ದು ನಿಂತಿತು. ಮೊದಲು ಬಲಕ್ಕೆ ಏರುತ್ತಿದ್ದ ಅಂಚು ಈಗ ಬಲಕ್ಕೆ ಇಳಿಯುತ್ತಿತ್ತು. 2 ಎಂಬುದು ತಲೆಕೆಳಗಾಗಿ 1/2 ಆಯಿತು, ದಿಕ್ಕು ತಿರುಗಿ ಋಣಚಿಹ್ನೆ ಬಂತು. ಆ −1 ಹುಟ್ಟುವುದು ಈ ಕಾಲು ಸುತ್ತಿನಲ್ಲಿ. ಇಷ್ಟು ವರ್ಷ ಚೌಕಟ್ಟಿನೊಳಗಿಟ್ಟ ಸೂತ್ರಕ್ಕಿಂತ ಈ ರಟ್ಟಿನ ತುಂಡೇ ನನಗೆ ಹೆಚ್ಚು ಪ್ರಿಯವಾಗಿದೆ.

ಈಗ ಅವಳ ಹಾಳೆ. ಅಲ್ಲಿ ಮೇಲಕ್ಕೆ 2 ಮಾನ ಎಂದರೆ 1 ಸೆಂ.ಮೀ., ಅಡ್ಡಕ್ಕೆ 2 ಮಾನ ಎಂದರೆ 2 ಸೆಂ.ಮೀ. ತ್ರಿಭುಜ ತಿರುಗುವಾಗ ಅದರ ಬಾಹುಗಳ ಉದ್ದವೇ ಬದಲಾಗುತ್ತದೆ. ಕಣ್ಣಿಗೆ ಕಾಣುವ ಇಳಿಜಾರು ನಿಜವಾದದ್ದರ ಅರ್ಧ: 2ರ ರೇಖೆ 1ರಂತೆ, −1/2ರದು −1/4ರಂತೆ. ಮೊದಲನೆಯದು 45 ಡಿಗ್ರಿ ಏರುತ್ತದೆ, ಎರಡನೆಯದು ಸುಮಾರು 14 ಡಿಗ್ರಿ ಇಳಿಯುತ್ತದೆ. ಕೂಡಿಸಿದರೆ ಅವಳ 59.

"ಹಾಗಾದರೆ ಸಮಾಂತರ ರೇಖೆಗಳೂ ಕೆಡುತ್ತವೆಯೇ?" ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಎಳೆದು ನೋಡಿ ಎಂದೆ. ಕೆಡಲಿಲ್ಲ. ಎರಡೂ ಇಳಿಜಾರುಗಳು ಅರ್ಧವಾದರೆ ಸಮವಾಗಿದ್ದವು ಸಮವಾಗಿಯೇ ಉಳಿಯುತ್ತವೆ. ಹಾಳೆಯನ್ನು ಎಷ್ಟು ಹಿಗ್ಗಿಸಿ ಕುಗ್ಗಿಸಿದರೂ ಸಮಾಂತರ ಗೆರೆಗಳು ಜೊತೆ ಬಿಡುವುದಿಲ್ಲ. ಲಂಬಕ್ಕೆ ಆ ಗಟ್ಟಿತನವಿಲ್ಲ, ಅದಕ್ಕೆ ಎರಡೂ ಅಕ್ಷಗಳಲ್ಲಿ ಒಂದೇ ಅಳತೆ ಬೇಕು. ಎರಡು ನಿಯಮಗಳನ್ನು ಅಕ್ಕಪಕ್ಕ ಬರೆಸುವ ನಾವು ಈ ವ್ಯತ್ಯಾಸವನ್ನು ಹೇಳದೆ ಬಿಡುವುದು ದೊಡ್ಡ ಕೊರತೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಅಕ್ಷಗಳ ಮಾತೂ ಬಂತು. ಅವು ಯಾವ ಪ್ರಮಾಣದಲ್ಲೂ ಲಂಬವೇ, ಆದರೆ ನೆಟ್ಟಗೆ ನಿಂತ ವೈ-ಅಕ್ಷಕ್ಕೆ ಇಳಿಜಾರೇ ಇಲ್ಲ, ಹಾಗಾಗಿ ಗುಣಲಬ್ಧದ ಸೂತ್ರ ಅಲ್ಲಿ ಸಲ್ಲುವುದಿಲ್ಲ.

ಮರುದಿನ ಬೆಳಿಗ್ಗೆ ಹಾಜರಿ ಕೂಗುವ ಮೊದಲೇ ಆ ಹುಡುಗಿ ಮೇಜಿನ ಬಳಿ ನಿಂತಿದ್ದಳು. ಕೈಯಲ್ಲಿ ಅದೇ ಹಳೆಯ ಹಾಳೆ. ಅದರ ಮೇಲೆ ಕೆಂಪು ಪೆನ್ಸಿಲಿನಲ್ಲಿ ಮೂರನೆಯ ಗೆರೆಯೊಂದನ್ನು ಎಳೆದಿದ್ದಳು, ಇಳಿಜಾರು −2. 2ರ ಗೆರೆಯ ಮೇಲೆ ಕೋನಮಾಪಕ ಇಟ್ಟು ತೋರಿಸಿದಳು. ಕರಾರುವಾಕ್ಕಾಗಿ 90.

"ಆದರೆ ಇವು ಲಂಬ ಅಲ್ಲ ಸರ್. ಗುಣಲಬ್ಧ −4" ಎಂದಳು.