ಎಲಿಮೆಂಟ್ ಇನ್ನೂ ಬಂದಿಲ್ಲ ಸಾಹುಕಾರ್ರೇ

ನನ್ನ ಅಂಗಡಿಯ ಕಪಾಟಿನಲ್ಲಿ ಒಂದು ಹಳೇ ಉಪ್ಪಿನಕಾಯಿ ಡಬ್ಬಿ ಇದೆ. ಈಗ ಅದರಲ್ಲಿ ವಾಷರ್ ಹಾಕಿಟ್ಟಿದ್ದೇನೆ. 2025ರ ಫೆಬ್ರವರಿಯಲ್ಲಿ ಎರಡೂವರೆ ದಿನ ಅದರೊಳಗೆ ಒಬ್ಬ ಸಾಹುಕಾರರ ಇಂಜಿನ್ನಿನ ಎಲಿಮೆಂಟ್ ಮತ್ತು ನೋಝಲ್, ಅಂದರೆ ಇಂಜಿನ್ನಿಗೆ ಡೀಸೆಲ್ ಒತ್ತಿ ಚಿಮ್ಮಿಸುವ ಎರಡು ಭಾಗ, ಡೀಸೆಲ್‌ನಲ್ಲಿ ಮುಳುಗಿ ಕೂತಿದ್ದವು. ಅಷ್ಟು ದಿನವೂ ನಾನು ಅವರಿಗೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಮೈಸೂರಿಂದ ಇನ್ನೂ ಬಂದಿಲ್ಲ."

ಗೋಣಿಕೊಪ್ಪದ ಹತ್ತಿರ ನನ್ನದು ಪಂಪ್‌ಸೆಟ್ ರಿಪೇರಿ ಕೆಲಸ. ಇಪ್ಪತ್ತೊಂದು ವರ್ಷ ಆಯ್ತು. ಮಳೆಗಾಲದಲ್ಲಿ ಮೋಟಾರ್ ರಿವೈಂಡಿಂಗ್, ಕೊಯ್ಲಿನ ಹೊತ್ತಿಗೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಫೆಬ್ರವರಿ ಬಂತೆಂದರೆ ಸ್ಪ್ರಿಂಕ್ಲರ್. ವರ್ಷದ ಅರ್ಧ ಸಂಪಾದನೆ ಆ ಆರು ವಾರದಲ್ಲೇ ಆಗಬೇಕು. ವರ್ಷದ ಮುಕ್ಕಾಲು ಜಗಳವೂ ಆ ಆರು ವಾರದಲ್ಲೇ ಆಗುತ್ತದೆ.

ಜಗಳಕ್ಕೆ ಕಾರಣ ಇದೆ. ರೋಬಸ್ಟಾ ಕಾಫಿಯ ಮೊಗ್ಗು ಬಲಿತ ಮೇಲೆ ಅರಳಲು ಒಂದು ಇಂಚಾದರೂ ನೀರು ಬೀಳಬೇಕು. ಒಂದು ಎಕರೆಗೆ ಒಂದು ಇಂಚು ಅಂದರೆ ಹತ್ತಿರ ಹತ್ತಿರ ಒಂದು ಲಕ್ಷ ಲೀಟರ್. ಹೂಮಳೆ ಹೊತ್ತಿಗೆ ಸರಿಯಾಗಿ ಬಂದರೆ ಮಳೆದೇವರು ಇಗ್ಗುತಪ್ಪನ ದಯೆ. ಬರದಿದ್ದರೆ ಕೆರೆ, ಇಂಜಿನ್, ಆಮೇಲೆ ನಾನು. 2024ರಲ್ಲಿ ಕಾಫಿ ಬೆಲೆ ಯಾರೂ ಕಾಣದಷ್ಟು ಏರಿದ ಮೇಲಂತೂ ಎಲ್ಲರಿಗೂ ಅವಸರ. ಮೊದಲೆಲ್ಲ "ನಾಳೆ ಬಾ ಮಾರಾಯ" ಎನ್ನುತ್ತಿದ್ದವರು ಈಗ "ಎಲ್ಲಿದ್ದೀಯಾ, ಹೊರಟೆಯಾ, ಎಲ್ಲಿಗೆ ಮುಟ್ಟಿದೆ" ಅಂತ ಹತ್ತು ನಿಮಿಷಕ್ಕೊಮ್ಮೆ ಕೇಳುತ್ತಾರೆ.

ಕಷ್ಟದ ಗಿರಾಕಿಗಳಲ್ಲಿ ನಾನಾ ಥರ. ಮೊಬೈಲಿನಲ್ಲಿ ವಿಡಿಯೋ ನೋಡಿ ಇಂಜಿನ್ ಬಿಚ್ಚಿ, ಮೂರು ಬೋಲ್ಟ್ ಕಳೆದುಕೊಂಡು, ಬಕೆಟ್‌ನಲ್ಲಿ ತುಂಬಿಕೊಂಡು ಬರುವವರು ಒಂದು ಥರ. ಅವರು ಪರವಾಗಿಲ್ಲ, ಬಕೆಟ್ ತಂದಾಗಲೇ ಅರ್ಧ ಸೋತಿರುತ್ತಾರೆ. ಡೂಪ್ಲಿಕೇಟ್ ಸ್ಪೇರ್ ತಾವೇ ತಂದುಕೊಟ್ಟು ಗ್ಯಾರಂಟಿ ನನ್ನಲ್ಲಿ ಕೇಳುವವರು ಇನ್ನೊಂದು ಥರ. ಆದರೆ ಎಲ್ಲಕ್ಕಿಂತ ಕಷ್ಟ ಊಟ ಹಾಕುವವರು. ಕೆಲಸ ಮುಗಿದ ಕೂಡಲೇ ಕೈ ತೊಳೆಸಿ, ಕಡಂಬುಟ್ಟು, ಪಂದಿಕರಿ ಬಡಿಸಿ, ಮನೆಯ ಅಜ್ಜಿಯ ಕೈಲಿ "ಇನ್ನೊಂದು ಹಾಕ್ಕೋ ಮಗ" ಅನ್ನಿಸಿದ ಮೇಲೆ ಯಾವ ಬಾಯಲ್ಲಿ ಬಿಲ್ ಹೇಳುವುದು?

ನಮ್ಮ ಈ ಸಾಹುಕಾರರು ಊಟವನ್ನೂ ಹಾಕುವವರಲ್ಲ. ಹನ್ನೆರಡು ಎಕರೆ ತೋಟ, ಕೆಳಗೆ ನಾಲ್ಕು ಮನೆಯವರಿಗೆ ಸೇರಿದ ಒಂದು ಕೆರೆ. ಬೆಳಿಗ್ಗೆ ಆರಕ್ಕೆ ಫೋನ್. ಫೋನ್ ಕೂಡ ಅಲ್ಲ, ಮಿಸ್ಡ್ ಕಾಲ್. ಕೆಲಸ ಮಾಡುವಾಗ ಕೈ ಕಟ್ಟಿಕೊಂಡು ತಲೆಯ ಮೇಲೇ ನಿಲ್ಲುತ್ತಾರೆ. ನೆರಳು ನಟ್ಟಿನ ಮೇಲೆ ಬೀಳುತ್ತೆ, ಸರಿಯಿರಿ ಎಂದು ಹೇಳುವಂತಿಲ್ಲ. "ನಮ್ಮ ಅಪ್ಪನ ಕಾಲದ ಇಂಜಿನ್ ಮೂವತ್ತು ವರ್ಷ ಓಡಿತ್ತು, ಒಬ್ಬ ಮೆಕ್ಯಾನಿಕ್ ಮುಟ್ಟಿರಲಿಲ್ಲ" ಎಂಬ ಕಥೆ ಪ್ರತಿಸಲ. ಕೊನೆಗೆ ಒಂದು ಪ್ರಶ್ನೆ: "ಹಳೇ ಬೇರಿಂಗ್ ಎಲ್ಲಿ? ಕೊಡು ಇಲ್ಲಿ." ನಾನು ಹೊಸದು ಹಾಕಿಲ್ಲ ಎಂಬ ಅನುಮಾನ. ಆ ಒಂದು ಮಾತಿಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವರ ಮೇಲೆ ನನ್ನ ನೋಟ್‌ಬುಕ್‌ನಲ್ಲಿ 6,850 ರೂಪಾಯಿ ಬಾಕಿ ಇತ್ತು. ಹಿಂದಿನ ವರ್ಷದ ಮಾರ್ಚ್ ಕೆಲಸದ್ದು. ಗ್ಲ್ಯಾಂಡ್ ಪ್ಯಾಕಿಂಗ್, ಇಂಪೆಲ್ಲರ್, ಫುಟ್ ವಾಲ್ವ್, ಕೂಲಿ. ಕಾಫಿ ಮಾರಿದ ಮೇಲೆ ಕೊಡ್ತೀನಿ ಅಂದಿದ್ದರು. ಕಾಫಿ ಮಾರಿದರು, ಬೆಲೆ ಏರಿತು, ಮನೆ ಮುಂದೆ ಹೊಸ ಜೀಪೂ ನಿಂತಿತು. ದಾರಿಯಲ್ಲಿ ಆ ಜೀಪು ಎದುರಾದಾಗೆಲ್ಲ ಅದರ ಒಂದು ಟೈರ್ ನನ್ನದು ಅನ್ನಿಸುತ್ತಿತ್ತು. ಆದರೆ ಒಂದು ಸಲವೂ ಬಾಯಿಬಿಟ್ಟು ಕೇಳಲಿಲ್ಲ.

ಸರದಿ ಪ್ರಕಾರ ಆ ವಾರ ಕೆರೆಯ ನೀರು ಅವರದ್ದು. ಸೋಮವಾರದಿಂದ ಭಾನುವಾರ. ಸೋಮವಾರ, ಮಂಗಳವಾರ ಮೇಲಿನ ಬ್ಲಾಕಿಗೆ ಹೊಡೆದಿದ್ದಾರೆ. ಬುಧವಾರ ಬೆಳಿಗ್ಗೆ ಪೈಪ್ ಕೆಳಗೆ ಎಳೆದು ಸ್ಟಾರ್ಟ್ ಮಾಡಿದರೆ ಬರೀ ಬಿಳಿ ಹೊಗೆ. ಹೋಗಿ ನೋಡಿದೆ. ನೋಝಲ್ ಸೋರುತ್ತಿದೆ, ಎಲಿಮೆಂಟ್ ಸವೆದಿದೆ. ಫ್ಯೂಯಲ್ ಪಂಪ್ ಬಿಚ್ಚುತ್ತಾ ಇದ್ದೆ.

"ಎಷ್ಟಾಗುತ್ತೆ?"

"ನೋಡೋಣ ಸಾಹುಕಾರ್ರೇ."

"ನೋಡೋಣ ಅಂದ್ರೆ ಎಷ್ಟು?"

"ಮೈಸೂರಲ್ಲಿ ಏನ್ ಹೇಳ್ತಾರೋ ನೋಡ್ಬೇಕಲ್ವಾ."

ಸುಳ್ಳು. ಮೈಸೂರಿನವರ ರೇಟ್ ನನಗೆ ಬಾಯಿಪಾಠ. ಹೇಳಿದರೆ ಅಲ್ಲೇ ಚೌಕಾಸಿ ಶುರುವಾಗುತ್ತೆ ಎಂಬ ಹೆದರಿಕೆ, ಅಷ್ಟೇ. ಮೊದಲು ಹೇಳಿದರೆ ಚೌಕಾಸಿ, ಆಮೇಲೆ ಹೇಳಿದರೆ ಜಗಳ. ನಾನು ಯಾವಾಗಲೂ ಎರಡನೆಯದನ್ನೇ ಆರಿಸಿಕೊಳ್ಳುತ್ತಿದ್ದೆ, ಅದು ನಾಳೆಗೆ ಹೋಗುತ್ತೆ ಅಂತ.

ಮಧ್ಯಾಹ್ನದ ಬಸ್ಸಿನಲ್ಲಿ ಪಾರ್ಸೆಲ್ ಹಾಕಿದೆ. ತಿತಿಮತಿ, ಹುಣಸೂರು ದಾಟಿ ಮೈಸೂರು ಮುಟ್ಟಿತು. ಗುರುವಾರ ಸಂಜೆ ಅದೇ ಬಸ್ಸಿನಲ್ಲಿ ರಿಪೇರಿ ಆಗಿ ವಾಪಸ್ ಬಂತು. ಮೈಸೂರಿನ ಅಂಗಡಿಯವರು ನನ್ನ ಹಳೇ ಬಾಕಿ ಸೇರಿಸಿ ಪೂರ್ತಿ ದುಡ್ಡು ಮೊದಲೇ ಹಾಕಿಸಿಕೊಂಡಿದ್ದರು. ಸೀಸನ್‌ನಲ್ಲಿ ಅವರಿಗೆ ನಾನು ಯಾರೋ, ಅವರ ಹತ್ತಿರ ನನ್ನ ಚೌಕಾಸಿ ನಡೆಯುವುದಿಲ್ಲ. ಪಾರ್ಸೆಲ್ ಬಿಚ್ಚಿದಾಗ ಆ ಸಿಟ್ಟು ಇನ್ನೂ ತಲೆಯಲ್ಲೇ ಇತ್ತು. ಅಷ್ಟರಲ್ಲಿ ಸಾಹುಕಾರರ ಮಿಸ್ಡ್ ಕಾಲ್. ಎಲಿಮೆಂಟ್, ನೋಝಲ್ ಎರಡನ್ನೂ ಡಬ್ಬಿಗೆ ಹಾಕಿ, ಮೇಲೆ ಡೀಸೆಲ್ ಸುರಿದು, ಕಪಾಟಿನಲ್ಲಿಟ್ಟೆ. ವಾಪಸ್ ಫೋನ್ ಮಾಡಿ, ಇನ್ನೂ ಬಂದಿಲ್ಲ ಅಂದೆ.

ಲೆಕ್ಕ ಏನಂದರೆ, ಎರಡು ದಿನ ಒದ್ದಾಡಲಿ. ಒದ್ದಾಡಿ ಅಂಗಡಿಗೆ ಬರಲಿ. ಬಂದಾಗ ನಯವಾಗಿ ಹಳೇ ಬಾಕಿ ತೆಗೆಯೋಣ. ದುಡ್ಡು ಕೇಳಲು ನನಗೆ ನಾಚಿಕೆ. ಸುಳ್ಳು ಹೇಳಲು ಮಾತ್ರ ನಾಚಿಕೆ ಆಗಲಿಲ್ಲ ನೋಡಿ.

ಶುಕ್ರವಾರ ಐದು ಸಲ ಫೋನ್ ಬಂತು. ಈ ಸಲ ಮಿಸ್ಡ್ ಅಲ್ಲ, ನಿಜವಾದ ಫೋನ್. ಅದನ್ನು ಗಮನಿಸಬೇಕಿತ್ತು. ಮೈಸೂರಲ್ಲಿ ರಶ್ ಅಂದೆ. ಶನಿವಾರ ಫೋನ್ ಎತ್ತಲೇ ಇಲ್ಲ. ಕೊಡಗಿನಲ್ಲಿ ಇದೊಂದು ಅನುಕೂಲ, ನೆಟ್‌ವರ್ಕ್ ಇರಲಿಲ್ಲ ಅಂದರೆ ಯಾರೂ ಪ್ರಶ್ನೆ ಮಾಡುವುದಿಲ್ಲ. ಆ ಶನಿವಾರ ಪಾಲಿಬೆಟ್ಟ ಕಡೆ ಇನ್ನೊಂದು ತೋಟಕ್ಕೆ ಹೋಗಿದ್ದೆ. ಅಲ್ಲಿ ಸ್ಪ್ರಿಂಕ್ಲರ್ ತಿರುಗುವ ಸದ್ದು ಕೇಳುತ್ತಾ ಚಹಾ ಕುಡಿದೆ. ಸಾಹುಕಾರರ ಕೆಳಗಿನ ಬ್ಲಾಕ್ ನೆನಪಾಯಿತು. ಎಲೆ ಜೋತುಬಿದ್ದು, ಗೆಣ್ಣು ಗೆಣ್ಣಿಗೆ ಮೊಗ್ಗು ಹಿಡಿದು ನಿಂತ ಗಿಡಗಳು. ನೆನಪಾಯಿತು ಎಂದು ಹೇಳುವುದು ಸುಲಭ. ನೆನಪಾದ ಮೇಲೂ ಇನ್ನೊಂದು ಚಹಾ ಕುಡಿದೆ.

ಭಾನುವಾರ ಸಂತೆ ದಿನ. ಅಂಗಡಿಯಲ್ಲಿ ಏಳೆಂಟು ಜನ. ಒಬ್ಬರು ಮೋಟಾರ್ ಹೊತ್ತು ತಂದಿದ್ದಾರೆ, ತೋಟದ ಲೆಕ್ಕ ಬರೆಯುವ ಇಬ್ಬರು ರೈಟರುಗಳು ಬೆಂಚಿನಲ್ಲಿ ಕೂತು ಆನೆ ಸುದ್ದಿ ಮಾತಾಡುತ್ತಿದ್ದಾರೆ, ಹಿಂದಿನ ರಾತ್ರಿ ಯಾರದೋ ತೋಟದಲ್ಲಿ ಪೈಪ್ ತುಳಿದಿತ್ತಂತೆ. ಆಗ ಆ ಜೀಪು ಬಂದು ನಿಂತಿತು.

ಸಾಹುಕಾರರು ಕೂಗಾಡಿಕೊಂಡು ಬರುತ್ತಾರೆ ಅಂದುಕೊಂಡಿದ್ದೆ. ಅದಕ್ಕೇ ತಯಾರಾಗಿದ್ದೆ. ಅವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ನನ್ನ ಅಂಗಡಿಗೆ ಯಾರೂ ಚಪ್ಪಲಿ ಬಿಡುವುದಿಲ್ಲ, ನೆಲದ ತುಂಬ ಗ್ರೀಸ್. ರಾತ್ರಿ ನಿದ್ದೆ ಇಲ್ಲದ ಮುಖ.

"ಮೇಸ್ತ್ರಿ, ಇವತ್ತು ರಾತ್ರಿವರೆಗೆ ನೀರು ನನ್ನದು. ನಾಳೆಯಿಂದ ಪಕ್ಕದವರದ್ದು. ಮೈಸೂರಿಗೆ ನಾನೇ ಜೀಪ್ ತಗೊಂಡು ಹೋಗ್ತೀನಿ. ಅಂಗಡಿ ಯಾವುದು ಹೇಳು."

ನನ್ನ ಹತ್ತಿರ ಉತ್ತರ ಇರಲಿಲ್ಲ. "ಇವತ್ತು ಭಾನುವಾರ, ಅಂಗಡಿ ರಜೆ" ಎನ್ನಲು ಬಾಯಿ ತೆಗೆದೆ. ಅಷ್ಟರಲ್ಲಿ ಒಳಗಿನಿಂದ ನಮ್ಮ ಹುಡುಗ, ಪಾಪ, ಸಹಾಯ ಮಾಡುತ್ತಿದ್ದೇನೆ ಅಂದುಕೊಂಡು ಹೇಳಿದ: "ಅಣ್ಣ, ಅದು ಗುರುವಾರವೇ ಬಂತಲ್ವಾ? ಉಪ್ಪಿನಕಾಯಿ ಡಬ್ಬೀಲಿ ಉಂಟು."

ಬೆಂಚಿನ ಮೇಲೆ ಆನೆ ಸುದ್ದಿ ನಿಂತಿತು.

ಸಾಹುಕಾರರು ಕಪಾಟಿನ ಕಡೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರು ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅಲ್ಲಿಗೆ ಸಮ ಆಗುತ್ತಿತ್ತು. ಬೈಯಲಿಲ್ಲ. ಯಾಕೆ ಅಂತಲೂ ಕೇಳಲಿಲ್ಲ. ಸುಮ್ನೆ ನಿಂತರು. ಕೈಯಲ್ಲಿದ್ದ ಬನಿಯನ್ ವೇಸ್ಟಿನಿಂದ ನಾನು ಒಂದೇ ಬೆರಳನ್ನು ಎಷ್ಟು ಹೊತ್ತು ಒರೆಸಿಕೊಂಡೆನೋ ಗೊತ್ತಿಲ್ಲ. ಕೊನೆಗೆ ಸುಮ್ಮನಿರಲಾಗದೆ ನಾನೇ ಶುರು ಮಾಡಿದೆ, ಅದೂ ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ. ಹೋದ ವರ್ಷದ 6,850 ಬಾಕಿ ಇದೆ, ನಾವೂ ಹೊಟ್ಟೆಗೆ ಅನ್ನವೇ ತಿನ್ನುವುದು, ಮೈಸೂರಿನವರು ನಮಗೇನು ಸಾಲ ಕೊಡುತ್ತಾರಾ, ಹೀಗೆ. ಒಂದು ವರ್ಷ ಒಳಗಿಟ್ಟುಕೊಂಡಿದ್ದು ಒಂದೇ ಉಸಿರಿಗೆ ಬಂತು. ಹೇಳುತ್ತಾ ಹೇಳುತ್ತಾ ನಾನೇ ಸರಿ ಅಂತಲೂ ಅನ್ನಿಸಿತು.

ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಮೊಬೈಲ್ ತೆಗೆದರು. ಬೆರಳಿನಿಂದ ಮೇಲೆ ಮೇಲೆ ತಳ್ಳುತ್ತಾ ಹೋದರು. ನೆಟ್‌ವರ್ಕ್ ಸುತ್ತುತ್ತಿತ್ತು. ನಾನು ಶನಿವಾರ ಹೇಳದೇ ಉಳಿಸಿಕೊಂಡಿದ್ದ ಸುಳ್ಳು ಈಗ ನಿಜವಾಗಿತ್ತು. ಒಂದು ನಿಮಿಷ, ಎರಡು ನಿಮಿಷ. ಮೋಟಾರ್ ತಂದವರು ಅದನ್ನು ನಿಧಾನಕ್ಕೆ ನೆಲಕ್ಕಿಳಿಸಿ ಹತ್ತಿರ ಬಂದರು. ಕೊನೆಗೆ ಸಾಹುಕಾರರು ಮೊಬೈಲ್ ನನ್ನ ಮುಖದ ಮುಂದೆ ಹಿಡಿದರು.

ಸೆಪ್ಟೆಂಬರ್ 2, 2024. ರೂಪಾಯಿ 6,850. ನನ್ನ ಹೆಂಡತಿಯ ಹೆಸರು.

ಅಂಗಡಿಯ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಅವಳ ಖಾತೆಯದ್ದು. ಬ್ಯಾಂಕಿನಲ್ಲಿ ನನ್ನ ಖಾತೆಗೆ ಅದೇನೋ ಕೆವೈಸಿ ತಕರಾರು ಮಾಡಿ ವರ್ಷವಾಗಿತ್ತು. ದುಡ್ಡು ಬಂದರೆ ಕೂಗಿ ಹೇಳುವ ಡಬ್ಬಿಯನ್ನು ತಿಂಗಳ ಬಾಡಿಗೆ ಜಾಸ್ತಿ ಅಂತ ನಾನೇ ವಾಪಸ್ ಕಳಿಸಿದ್ದೆ. ಅವತ್ತು ಕೈಲ್‌ಪೊಳ್ದು ಹಬ್ಬದ ಮುನ್ನಾ ದಿನ. ನಾನು ಎಲ್ಲೋ ಕೆಲಸಕ್ಕೆ ಹೋಗಿದ್ದೆ. ಸಾಹುಕಾರರು ಬಂದು, ಸ್ಕ್ಯಾನ್ ಮಾಡಿ, ಹುಡುಗನಿಗೆ ತೋರಿಸಿ ಹೋಗಿದ್ದರು. ಹುಡುಗ ಹಬ್ಬಕ್ಕೆ ಊರಿಗೆ ಹೊರಡುವ ಗಡಿಬಿಡಿಯಲ್ಲಿ ಮರೆತಿದ್ದ. ಹೆಂಡತಿಗೆ ಫೋನ್ ಹಚ್ಚಿದೆ. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಅವಳು ಹುಡುಕಿ, "ಹೌದು, ಬಂದಿದೆಯಲ್ಲ, ನಿಮಗೆ ಗೊತ್ತಿದೆ ಅಂದ್ಕೊಂಡೆ. ಅದೇ ದುಡ್ಡಲ್ವಾ ಮಿಕ್ಸಿ ತಗೊಂಡಿದ್ದು" ಅಂದಳು.

2024ರ ಮಾರ್ಚ್‌ನಿಂದ ಸೆಪ್ಟೆಂಬರ್ ತನಕ ಆರು ತಿಂಗಳು ಸತಾಯಿಸಿದ್ದು ನಿಜ ಅಲ್ವಾ ಅಂತ ಈಗಲೂ ಒಮ್ಮೊಮ್ಮೆ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಅವತ್ತು ಅದನ್ನು ಹೇಳಲು ಬಾಯಿ ಬರಲಿಲ್ಲ. ಒಂದು ಮಾತು, ಒಂದೇ ಒಂದು ಸಲ, "ಸಾಹುಕಾರ್ರೇ, ಹಳೇದೊಂದು ಬಾಕಿ ಇತ್ತು" ಅಂತ ಬುಧವಾರ ಕೇಳಿದ್ದರೆ, ಅಲ್ಲೇ ತೋಟದಲ್ಲೇ ಕನ್ನಡಕ ಹಾಕಿಕೊಂಡು ತೋರಿಸಿರುತ್ತಿದ್ದರು. ಹತ್ತು ನಿಮಿಷದ ಕೆಲಸ.

ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಅವರ ಜೀಪಿನಲ್ಲೇ ಹೋದೆ. ದಾರಿಯುದ್ದಕ್ಕೂ ಮಾತಿಲ್ಲ. ಡೀಸೆಲ್ ತುಳುಕಿ ಪ್ಯಾಂಟ್ ನೆನೆಯಿತು, ಆ ಹೊಸ ಸೀಟೂ ನೆನೆಯಿತು, ಅವರು ನೋಡಿಯೂ ಏನೂ ಅನ್ನಲಿಲ್ಲ. ಪಂಪ್ ಕೂರಿಸಿದೆ. ಬ್ಲೀಡಿಂಗ್ ಸ್ಕ್ರೂ ಸಡಿಲ ಮಾಡಿ ಗುಳ್ಳೆ ಹೋಗುವವರೆಗೆ ಬಿಟ್ಟೆ. ಹ್ಯಾಂಡಲ್ ತಿರುಗಿಸಿದಾಗ ನೋಝಲ್ ಕಿರ್ ಕಿರ್ ಅಂದಿತು. ಆ ಸದ್ದು ಬಂದರೆ ಅರ್ಧ ಗೆದ್ದ ಹಾಗೆ. ಮೂರನೇ ಸಲಕ್ಕೆ ಇಂಜಿನ್ ಹಿಡಿಯಿತು. ಹೊಗೆ ತಿಳಿಯಾಯಿತು. ಮಧ್ಯಾಹ್ನ ಎರಡೂವರೆ. ಆ ಸಲ ಅವರು ತಲೆಯ ಮೇಲೆ ನಿಂತಿರಲಿಲ್ಲ. ದೂರದಲ್ಲಿ ಸಿಲ್ವರ್ ಮರಕ್ಕೆ ಒರಗಿ ನಿಂತಿದ್ದರು. ತಲೆಯ ಮೇಲೆ ನಿಂತಿದ್ದರೇ ಚೆನ್ನಾಗಿತ್ತು.

ರಾತ್ರಿ ಹನ್ನೆರಡರವರೆಗೂ ಇದ್ದೆ. ಪೈಪ್ ಬದಲಿಸಲು ನಾನೂ ಕೈ ಹಾಕಿದೆ. ಕೆರೆಯಾಚೆ ಆನೆ ಇದೆ ಅಂತ ಲೈನ್ ಮನೆಯ ಕೂಲಿಯವರು ಎರಡು ಸಲ ಪಟಾಕಿ ಹೊಡೆದರು. ಅಷ್ಟೆಲ್ಲ ಮಾಡಿದರೂ ಕೆಳಗಿನ ಬ್ಲಾಕ್‌ನಲ್ಲಿ ನೀರು ಬಿದ್ದದ್ದು ಅರ್ಧಕ್ಕಿಂತ ಕಮ್ಮಿ ಜಾಗಕ್ಕೆ. ಉಳಿದದ್ದಕ್ಕೆ ಮುಂದಿನ ಸರದಿ ಕಾಯಬೇಕು.

ಹೊರಡುವಾಗ, ಈ ಸಲದ ಕೂಲಿ ಬೇಡ ಅಂದೆ. ದೊಡ್ಡ ಮನಸ್ಸಿನಿಂದ ಹೇಳಿದ ಹಾಗೆ ನನಗೇ ಅನ್ನಿಸಿತ್ತು.

"ನಿನ್ನ ಕೂಲಿ ನೀನು ತಗೋ ಮೇಸ್ತ್ರಿ," ಅಂದರು. "ಅದನ್ನ ಬಿಟ್ಟುಕೊಟ್ರೆ ನನ್ನ ಎರಡು ದಿನ ವಾಪಸ್ ಬರ್ತದಾ?"

ಒಂಬತ್ತನೇ ದಿನ ಮೇಲಿನ ಬ್ಲಾಕ್ ಬೆಳ್ಳಗೆ ಅರಳಿತು. ಅದರ ಮುಂದಿನ ವಾರ ಬೇರೆ ಕೆಲಸಕ್ಕೆ ಆ ದಾರಿಯಲ್ಲಿ ಹೋಗಿದ್ದೆ. ಬೈಕ್ ನಿಲ್ಲಿಸದಿದ್ದರೂ ವಾಸನೆ ಬರುತ್ತದೆ. ಗುಡ್ಡದ ಮೇಲೆಲ್ಲ ಬಾಡಿದ ಹೂವು, ಕೆಳಗೆ ಒಂದು ಪಟ್ಟಿ ಬಿಳಿ, ಅದರ ಕೆಳಗೆ ಹಸಿರು. ಗೆರೆ ಎಳೆದ ಹಾಗೆ. ಆ ಗೆರೆ ಎಲ್ಲಿ ಶುರುವಾಗುತ್ತದೆ, ಯಾಕೆ ಶುರುವಾಗುತ್ತದೆ ಎಂದು ರಸ್ತೆಯಲ್ಲಿ ಹೋಗುವವರಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಹಸಿರು ಉಳಿದದ್ದು ತುಂಬ ತಡವಾಗಿ ಅರಳಿತಂತೆ. ಕೊಯ್ಲಿನಲ್ಲಿ ಅದರಿಂದ ಎಷ್ಟು ನಷ್ಟವಾಯಿತು ಎಂದು ಕೇಳುವ ಧೈರ್ಯ ಇವತ್ತಿಗೂ ಆಗಿಲ್ಲ. ಅವರೂ ಹೇಳಿಲ್ಲ.

ಈಗ ಬಿಚ್ಚುವ ಮೊದಲೇ ರೇಟ್ ಹೇಳುತ್ತೇನೆ. ಚೌಕಾಸಿ ಮಾಡುತ್ತಾರೆ, ಮಾಡಲಿ. ಹಳೇ ಸ್ಪೇರನ್ನು ಅವರು ಕೇಳುವ ಮೊದಲೇ ಪ್ಲಾಸ್ಟಿಕ್ ಕವರಿಗೆ ಹಾಕಿ ಕೈಗೆ ಕೊಡುತ್ತೇನೆ. ಯೋಚಿಸಿದರೆ ಆ ವಿಷಯದಲ್ಲಿ ಸಾಹುಕಾರರು ಕೇಳಿದ್ದರಲ್ಲಿ ತಪ್ಪೇ ಇರಲಿಲ್ಲ. ದುಡ್ಡು ಕೂಗುವ ಡಬ್ಬಿಯನ್ನು ಮತ್ತೆ ತರಿಸಿದ್ದೇನೆ. ಅದು ನೆಟ್‌ವರ್ಕ್ ಸಿಕ್ಕಾಗ ಬೆಳಿಗ್ಗೆ ಬಂದ ದುಡ್ಡನ್ನು ಸಂಜೆ ಕೂಗುತ್ತದೆ. ಬಾಡಿಗೆ ಮಾತ್ರ ಹೊತ್ತಿಗೆ ಸರಿಯಾಗಿ ಕಟ್ ಆಗುತ್ತದೆ. ಹುಡುಗನನ್ನು ಏನೂ ಅನ್ನಲಿಲ್ಲ. ಅವನಿಗೆ ಏನಂತ ಬೈಯುವುದು, ನಿಜ ಹೇಳಿದ್ದಕ್ಕಾ?

ಸಾಹುಕಾರರು ನನ್ನನ್ನು ಬಿಟ್ಟು ಬೇರೆಯವರ ಹತ್ತಿರ ಹೋಗುತ್ತಾರೆ ಅಂದುಕೊಂಡಿದ್ದೆ. ಹೋಗಲಿಲ್ಲ. ಈಗಲೂ ಬೆಳಿಗ್ಗೆ ಆರಕ್ಕೆ ಮಿಸ್ಡ್ ಕಾಲ್. ಅಪ್ಪನ ಇಂಜಿನ್ನಿನ ಕಥೆಯೂ ಅದೇ. ಬದಲಾಗಿದ್ದು ಒಂದೇ. ದುಡ್ಡು ಹಾಕಿದ ತಕ್ಷಣ ವಾಟ್ಸಾಪ್‌ನಲ್ಲಿ ನನಗೊಂದು ಸ್ಕ್ರೀನ್‌ಶಾಟ್ ಕಳಿಸುತ್ತಾರೆ, ನನ್ನ ಹೆಂಡತಿಗೊಂದು, ಹುಡುಗನಿಗೊಂದು. ಮೊನ್ನೆ ಎರಡು ವಾಷರ್ ತಗೊಂಡು ಹೋದರು. ಇಪ್ಪತ್ತು ರೂಪಾಯಿ. ಮೂರು ಜನಕ್ಕೂ ಬಂತು.